ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಕಲಿಸಲು ಥಾಯ್ಲೆಂಡಿಗೆ ಹೋಗಬಹುದೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಐದನೆಯ ತರಗತಿಗೆ ಬರುವವರೆಗೆ ಇಂಗ್ಲಿಷ್ ಅಕ್ಷರ ಬರೆದವಳಲ್ಲ. ಆಮೇಲೆ ಇಂಗ್ಲಿಷಿನಲ್ಲೇ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಈಗ ಒಂದು ಖಾಸಗಿ ಶಾಲೆಯಲ್ಲಿ ಪ್ರೌಢ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಕೆಲಸ ಇಷ್ಟವಾಗಿದೆ, ಆದರೆ ಸಂಬಳ ಬಹಳ ಕಡಿಮೆ. ಬೇರೆ ದೇಶದಲ್ಲಿ ಕೆಲವು ವರ್ಷ ಇದ್ದು ಅಲ್ಲಿನ ಮಕ್ಕಳಿಗೆ ಕಲಿಸಬೇಕು, ರಜೆಯಲ್ಲಿ ಸುತ್ತಮುತ್ತಲಿನ ದೇಶಗಳನ್ನು ನೋಡಬೇಕು ಎಂಬ ಆಸೆ ಕಾಲೇಜಿನ ದಿನಗಳಿಂದಲೂ ಇದೆ.

ಜಾಹೀರಾತುಗಳನ್ನು ನೋಡಿದರೆ ಹೆಚ್ಚಿನವು ಅಮೆರಿಕ, ಬ್ರಿಟನ್, ಕೆನಡಾ ಮುಂತಾದ ದೇಶಗಳ ಪಾಸ್‌ಪೋರ್ಟ್ ಇರುವವರಿಗೇ ಮೀಸಲು. ಥಾಯ್ಲೆಂಡಿನಲ್ಲಿ ಮಾತ್ರ ಭಾರತೀಯರಿಗೂ ಅವಕಾಶ ಇದೆಯೆಂದು ಕೇಳಿದ್ದೇನೆ. ನನ್ನಂಥವರಿಗೆ ಅಲ್ಲಿ ನಿಜವಾಗಿಯೂ ಕೆಲಸ ಸಿಗುತ್ತದೆಯೇ? ಸಿಕ್ಕರೆ ಬದುಕು ಹೇಗಿರುತ್ತದೆ? ನಾನು ಸಸ್ಯಾಹಾರಿ, ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಿ.

ಕುಂದಾಪುರದ ಮೇಷ್ಟ್ರು

ತಂಗಿ, ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಈ ವಿಷಯದಲ್ಲಿ ಅರ್ಧ ಮಾಹಿತಿ ಇಟ್ಟುಕೊಂಡು ಹೊರಟವರು ಪಟ್ಟ ಪಾಡನ್ನು ಹತ್ತಿರದಿಂದ ನೋಡಿದ್ದೇನೆ. ನಾನು ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ, ಅಂದರೆ ಅಲ್ಲಿನವರು ಇಸಾನ್ ಎಂದು ಕರೆಯುವ ಪ್ರದೇಶದಲ್ಲಿ, ಖೋನ್ ಕೇನ್ ಸಮೀಪದ ಪಟ್ಟಣವೊಂದರಲ್ಲಿ ಕೆಲವು ವರ್ಷ ಪಾಠ ಮಾಡಿದವನು. ನಾನೂ ನಿಮ್ಮ ಹಾಗೆಯೇ ಕನ್ನಡ ಶಾಲೆಯಲ್ಲಿ ಓದಿದವನು.

ಮೊದಲು ಪಾಸ್‌ಪೋರ್ಟಿನ ಮಾತು. ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳ ಯೋಜನೆ ಏಳು ದೇಶಗಳ ಪ್ರಜೆಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಭಾರತೀಯ ಇಂಗ್ಲಿಷ್ ಶಿಕ್ಷಕರಿಗೆ ಸಹಾಯಕ ಶಿಕ್ಷಕರಾಗಿ ಹೋಗಲು ಒಂದು ಕಿಂಡಿ ಇದೆಯಾದರೂ ಅದರ ಮೂಲಕ ಹೋದವರನ್ನು ನಾನು ಕಂಡಿಲ್ಲ. ಜಪಾನಿನ ಶಾಲೆಗಳಿಗೆ ಸಹಾಯಕ ಶಿಕ್ಷಕರನ್ನು ಒದಗಿಸುವ ಖಾಸಗಿ ಸಂಸ್ಥೆಗಳು ಸಾಮಾನ್ಯವಾಗಿ ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕೆಂದು ಕೇಳುತ್ತವೆ. ನನಗೂ ನಿಮಗೂ ಆ ಬಾಗಿಲು ಅಲ್ಲಿಗೇ ಮುಚ್ಚಿತು. ಚೀನಾದ ನಿಯಮವೂ ಇಂಗ್ಲಿಷ್ ತಾಯ್ನುಡಿಯ ದೇಶಗಳವರ ಕಡೆಗೇ ವಾಲಿದೆ. ಥಾಯ್ಲೆಂಡಿನ ಕಾನೂನು ಶಿಕ್ಷಕರ ದೇಶವನ್ನು ನೋಡುವುದಿಲ್ಲ. ಪದವಿ, ಬೋಧನೆಯ ಅರ್ಹತೆ, ಪೊಲೀಸ್ ದೃಢೀಕರಣ ಇವುಗಳನ್ನು ನೋಡುತ್ತದೆ. ಇಂಗ್ಲಿಷ್ ತಾಯ್ನುಡಿಯಲ್ಲದ ದೇಶದವರಿಂದ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಗಳಾದ ಟೋಯಿಕ್ ಅಥವಾ ಐಇಎಲ್‌ಟಿಎಸ್ ಅಂಕಪಟ್ಟಿಯನ್ನೂ ಕೇಳುತ್ತಾರೆ. ಟೋಯಿಕ್‌ನಲ್ಲಿ 600 ಅಂಕ ಇರಲಿ ಎನ್ನುವ ಶಾಲೆಗಳು ಬಹಳ. ಎಂ.ಎ. ಮಾಡಿದ ನಿಮಗೆ ಅದು ಕಷ್ಟವಲ್ಲ.

ಆದರೆ ಕಾನೂನು ನೋಡದಿರುವುದನ್ನು ಶಾಲೆಗಳು ನೋಡುತ್ತವೆ. ಒಂದೇ ಶಾಲೆಯಲ್ಲಿ, ಒಂದೇ ತರಗತಿಗೆ, ಇಂಗ್ಲೆಂಡಿನಿಂದ ಬಂದ ಯುವಕನಿಗೆ 35,000 ಬಾತ್ ಸಂಬಳವಿದ್ದರೆ ಭಾರತ ಅಥವಾ ಫಿಲಿಪ್ಪೀನ್ಸ್‌ನ ಅನುಭವಿ ಶಿಕ್ಷಕಿಗೆ 20,000 ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾತ್ ಒಂದಕ್ಕೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ಇದು ಅನ್ಯಾಯ, ಅನ್ಯಾಯವೆಂದೇ ಹೇಳಬೇಕು. ಇದನ್ನು ತಿಳಿದುಕೊಂಡು ಹೋದವರು ಚೌಕಾಸಿ ಮಾಡುತ್ತಾರೆ. ತಿಳಿಯದೆ ಹೋದವರು ಅಲ್ಲಿ ಹೋಗಿ ಕುಗ್ಗುತ್ತಾರೆ.

ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಬಿ.ಎಡ್. ಅಲ್ಲಿನ ಶಿಕ್ಷಕರ ಮಂಡಳಿಗೆ ಖುರುಸಫಾ ಎನ್ನುತ್ತಾರೆ. ಶಾಲೆಗಳಲ್ಲಿ ಪಾಠ ಮಾಡಲು ಅದರ ಪರವಾನಗಿ ಬೇಕು. ಯಾವುದೋ ವಿಷಯದಲ್ಲಿ ಪದವಿ ಪಡೆದು, ಆನ್‌ಲೈನಿನಲ್ಲಿ 120 ಗಂಟೆಗಳ ಟೆಫೆಲ್ (ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ) ಪ್ರಮಾಣಪತ್ರ ಮಾಡಿಕೊಂಡು ಬಂದವರಿಗೆ ತಾತ್ಕಾಲಿಕ ಅನುಮತಿ ಮಾತ್ರ ಸಿಗುತ್ತದೆ, ಅದು ಎರಡು ವರ್ಷದ ಅವಧಿಯದು, ಮತ್ತೆ ಮತ್ತೆ ಕೊಡುತ್ತಲೇ ಹೋಗುವುದಿಲ್ಲ. ಶಿಕ್ಷಣಶಾಸ್ತ್ರದ ಪದವಿ ಇರುವವರು ಪರವಾನಗಿಗೇ ಅರ್ಜಿ ಹಾಕಬಹುದು. ಎಷ್ಟೋ ಬಿಳಿಯ ಶಿಕ್ಷಕರು ಇದೇ ಕಾರಣಕ್ಕೆ ಶಾಲೆ ಬಿಟ್ಟು ಹೋಗಬೇಕಾದಾಗ ಬಿ.ಎಡ್. ಆದ ಭಾರತೀಯರು ಉಳಿದುಕೊಂಡಿದ್ದಾರೆ. ಸಂಬಳದ ಮಾತುಕತೆಯಲ್ಲಿ ಇದನ್ನು ಮೊದಲು ಮುಂದಿಡಿ.

ಹುಬ್ಬಳ್ಳಿಯ ಓದುಗ

ಮೇಷ್ಟ್ರ ಮಾತಿಗೆ ಗೌರವ ಕೊಡುತ್ತಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. 20,000 ಬಾತ್ ಎಂದರೆ ಐವತ್ತು-ಅರವತ್ತು ಸಾವಿರ ರೂಪಾಯಿ. ಅದರಲ್ಲಿ ಬಾಡಿಗೆ, ಊಟ, ವೀಸಾ ಖರ್ಚು, ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನದ ಟಿಕೆಟ್ ಕಳೆದರೆ ಉಳಿಯುವುದೆಷ್ಟು? ಇಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಅಥವಾ ಪ್ರೌಢಶಾಲಾ ಶಿಕ್ಷಕರ ನೇಮಕಾತಿ ಬಂದಾಗ ಪರೀಕ್ಷೆ ಬರೆದು ಸೇರಿಕೊಂಡರೆ ಜೀವನಪೂರ್ತಿ ನೆಲೆ ಸಿಗುತ್ತದೆ. ಹೊರದೇಶದಲ್ಲಿ ಕಳೆದ ವರ್ಷಗಳಲ್ಲಿ ವಯೋಮಿತಿ ಮೀರಿದರೆ ಆ ಅವಕಾಶ ಮತ್ತೆ ಬರುವುದಿಲ್ಲ. ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ ಎಂದೂ ಬರೆದಿದ್ದೀರಿ. ದೇಶ ನೋಡುವ ಆಸೆಗೆ ಪ್ರವಾಸ ಹೋಗಬಹುದಲ್ಲ, ಅದಕ್ಕಾಗಿ ವೃತ್ತಿಯ ಮುಖ್ಯ ವರ್ಷಗಳನ್ನೇ ಏಕೆ ಕೊಡಬೇಕು?

ನಿವೃತ್ತ ಶಿಕ್ಷಕ, ಮೈಸೂರು

ಹುಬ್ಬಳ್ಳಿಯವರು ಹೇಳಿದ್ದರಲ್ಲಿ ತಿರುಳಿದೆ. ಆದರೆ 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟಿದ್ದಾರೆ. ನಮ್ಮ ಕಾಲದ ನಿಶ್ಚಿಂತೆಯನ್ನು ಈಗಿನವರಿಗೆ ಹಾಗೆಯೇ ತೋರಿಸಲಾಗದು. ನೇಮಕಾತಿಗಳ ನಡುವೆ ಎಷ್ಟು ವರ್ಷಗಳ ಅಂತರ ಬೀಳುತ್ತದೆ ಎಂಬುದೂ ಎಲ್ಲರಿಗೆ ಗೊತ್ತು.

ಇನ್ನೊಂದು ವಿಷಯ ಹೇಳಬೇಕು. ಭಾರತದ ಶಿಕ್ಷಕರು ಹೊರದೇಶಗಳಲ್ಲಿ ಇಂಗ್ಲಿಷ್ ಕಲಿಸುವುದು ಹೊಸ ಸಂಗತಿಯಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯವರ ಕಾಲದ ಇಥಿಯೋಪಿಯಾದ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯ ಭಾರತೀಯ ಶಿಕ್ಷಕರಿದ್ದರು. ನನ್ನ ಚಿಕ್ಕಪ್ಪ ಅವರಲ್ಲಿ ಒಬ್ಬರು. ಪ್ರಾಥಮಿಕ ಹಂತದಲ್ಲಿ ಅಮ್ಹಾರಿಕ್ ಭಾಷೆಯಲ್ಲಿ ಓದಿದ ಮಕ್ಕಳು ಮೇಲಿನ ತರಗತಿಗೆ ಬಂದಾಗ ಎಲ್ಲ ವಿಷಯಗಳನ್ನೂ ಒಮ್ಮೆಲೇ ಇಂಗ್ಲಿಷಿನಲ್ಲಿ ಓದಬೇಕಾಗುತ್ತಿತ್ತು. ಕನ್ನಡದಲ್ಲಿ ಪ್ರೌಢಶಾಲೆ ಮುಗಿಸಿ ಇಂಟರ್‌ಮೀಡಿಯೆಟ್‌ಗೆ ಹೋದಾಗ ತಾವು ಪಟ್ಟ ಕಷ್ಟವೇ ಅದು ಎಂದು ಅವರು ಹೇಳುತ್ತಿದ್ದರು. ಹಾಗಾಗಿ ಪಠ್ಯಪುಸ್ತಕವನ್ನು ಮೊದಲು ತಾವೇ ಸುಲಭ ಇಂಗ್ಲಿಷಿಗೆ ಇಳಿಸಿ, ಬೋರ್ಡಿನ ಮೇಲೆ ಬರೆದು, ಆಮೇಲೆ ಪುಸ್ತಕ ತೆರೆಸುತ್ತಿದ್ದರಂತೆ. 1974ರ ಕ್ರಾಂತಿಯ ನಂತರ ಅವರು ವಾಪಸಾದರು. ಅಲ್ಲಿ ಕಲಿತ ಆ ಕ್ರಮವನ್ನು ಇಲ್ಲಿಯ ಶಾಲೆಯಲ್ಲೂ ಕೊನೆಯವರೆಗೆ ಬಿಡಲಿಲ್ಲ.

ತುಂಗಾತೀರ ಅವರಿಗೆ ಒಂದು ಸಲಹೆ: ಹೋಗುವ ಮೊದಲು ಬೋಧನಾ ವಿಧಾನದಲ್ಲಿ ಕೈ ಪಳಗಿಸಿಕೊಳ್ಳಿ. ನಮ್ಮ ಬಿ.ಎಡ್.ನಲ್ಲಿ ಪಾಠಯೋಜನೆ ಬರೆಯುವುದು ಹೆಚ್ಚು, ಭಾಷೆ ಕಲಿಸುವ ಅಭ್ಯಾಸ ಕಡಿಮೆ. ಕೇಂಬ್ರಿಡ್ಜ್‌ನ ಸೆಲ್ಟಾ ತರಬೇತಿ ಪೂರ್ಣಾವಧಿಯಾದರೆ ನಾಲ್ಕು ವಾರದ್ದು, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಬೇಕು. ಖರ್ಚು ಹೆಚ್ಚಾಯಿತೆನಿಸಿದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಕೋರ್ಸುಗಳನ್ನು ವಿಚಾರಿಸಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದಲೂ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿ ತರಬೇತಿ ಪಡೆದವರು ನಿಮ್ಮ ತಾಲ್ಲೂಕಿನಲ್ಲೇ ಇರುತ್ತಾರೆ, ಅವರ ತರಗತಿಯಲ್ಲಿ ಹೋಗಿ ಕುಳಿತು ನೋಡಿ.

ದ್ವೀಪವಾಸಿ

ನಾನು ಮಾಲ್ಡೀವ್ಸ್‌ನಲ್ಲಿ ಇಂಗ್ಲಿಷ್ ಶಿಕ್ಷಕನಾಗಿದ್ದೇನೆ. ಥಾಯ್ಲೆಂಡಿನ ಜೊತೆಗೆ ಈ ದಾರಿಯನ್ನೂ ಯೋಚಿಸಿ ಎಂಬ ಉದ್ದೇಶದಿಂದ ಬರೆಯುತ್ತಿದ್ದೇನೆ. ಇಲ್ಲಿ ಶಿಕ್ಷಣ ಮಾಧ್ಯಮವೇ ಇಂಗ್ಲಿಷ್, ಪ್ರೌಢ ಹಂತದ ಪರೀಕ್ಷೆಗಳು ಕೇಂಬ್ರಿಡ್ಜ್‌ನವು, ಭಾರತೀಯ ಶಿಕ್ಷಕರು ದಶಕಗಳಿಂದ ಇದ್ದಾರೆ. ಹಾಗಾಗಿ ಪಾಸ್‌ಪೋರ್ಟ್ ನೋಡಿ ಮುಖ ಸಿಂಡರಿಸುವವರಿಲ್ಲ. ಭಾನುವಾರದಿಂದ ಗುರುವಾರದವರೆಗೆ ಶಾಲೆ, ಶುಕ್ರವಾರ-ಶನಿವಾರ ರಜೆ.

ಆದರೆ ಪ್ರವಾಸದ ಆಸೆ ಇರುವವರು ಒಂದನ್ನು ತಿಳಿದಿರಬೇಕು. ಕೆಲಸ ಸಿಗುವುದು ಸಾಮಾನ್ಯವಾಗಿ ರಾಜಧಾನಿ ಮಾಲೆಯಲ್ಲಲ್ಲ, ದೂರದ ಯಾವುದೋ ದ್ವೀಪದಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದಾದ ಊರಿನಲ್ಲಿ ವರ್ಷವಿಡೀ ಇರುವ ಮನಸ್ಸು ಬೇಕು. ಪೂಜೆಯ ವಿಗ್ರಹಗಳನ್ನು ದೇಶದೊಳಗೆ ತರುವುದಕ್ಕೆ ಕಸ್ಟಮ್ಸ್ ನಿಷೇಧವಿದೆ. ಮನೆಯಿಂದ ದೇವರ ಮೂರ್ತಿ ಕಟ್ಟಿಕೊಂಡು ಬರಬೇಡಿ. ಈರುಳ್ಳಿ, ಆಲೂಗಡ್ಡೆ, ಅಕ್ಕಿಯಂಥವು 1981ರ ವ್ಯಾಪಾರ ಒಪ್ಪಂದದ ಪ್ರಕಾರ ಭಾರತದಿಂದಲೇ ಬರುತ್ತವೆ, ಆದ್ದರಿಂದ ಸಾರು-ಪಲ್ಯಕ್ಕೆ ಅಡ್ಡಿಯಿಲ್ಲ, ಹಸಿರು ತರಕಾರಿ ಮಾತ್ರ ದೋಣಿ ಬಂದ ದಿನ ಸಿಕ್ಕಷ್ಟು. ಸಂಬಳ ಇಲ್ಲಿನ ನಾಣ್ಯವಾದ ರೂಫಿಯಾದಲ್ಲಿ ಬಂದರೆ ಅದನ್ನು ಡಾಲರ್ ಮಾಡಿ ಊರಿಗೆ ಕಳಿಸುವುದು ಕಷ್ಟದ ಕೆಲಸ. ಅಧಿಕೃತ ದರ ಡಾಲರ್‌ಗೆ 15.42 ಇದ್ದರೂ ಆ ದರಕ್ಕೆ ಬೇಕಾದಷ್ಟು ಡಾಲರ್ ಬ್ಯಾಂಕಿನಲ್ಲಿ ಸಿಗುವುದಿಲ್ಲ. ಒಪ್ಪಂದದಲ್ಲಿ ಸಂಬಳ ಯಾವ ನಾಣ್ಯದಲ್ಲಿ ಎಂಬುದನ್ನು ಮೊದಲು ನೋಡಿ.

ಬೇಲೂರಿನವಳು

ತುಂಗಾತೀರ, ನಾನು ಈಗ ಥಾಯ್ಲೆಂಡಿನ ಉತ್ತರ ಭಾಗದ ಲಂಪಾಂಗ್‌ನಲ್ಲಿ ಇಂಗ್ಲಿಷ್ ಪ್ರೋಗ್ರಾಂ (ಹಲವು ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸುವ ವಿಭಾಗ) ಇರುವ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆಣ್ಣುಮಗಳು ಒಬ್ಬಳೇ ಹೋಗುವ ವಿಚಾರವಾದ್ದರಿಂದ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಕಾಗದಪತ್ರಗಳಿಂದ ಶುರುಮಾಡುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಅದೇ. ಒಂದೇ ಮುದ್ರೆಯಿಂದ ದಾಖಲೆಗಳನ್ನು ಪರಸ್ಪರ ಮಾನ್ಯ ಮಾಡುವ ಅಪಾಸ್ಟಿಲ್ ಒಪ್ಪಂದದಲ್ಲಿ ಥಾಯ್ಲೆಂಡ್ ಇಲ್ಲವಾದ್ದರಿಂದ ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಅದರ ಮೇಲೆ ಥಾಯ್ ರಾಯಭಾರ ಕಚೇರಿಯ ಮುದ್ರೆ, ಹೀಗೆ ಒಂದರ ಮೇಲೊಂದು ಆಗಬೇಕು. ಎಂ.ಎ., ಬಿ.ಎಡ್. ಎರಡಕ್ಕೂ ಬೇರೆ ಬೇರೆಯಾಗಿ ಮಾಡಿಸಿ. ಘಟಿಕೋತ್ಸವದ ಪ್ರಮಾಣಪತ್ರ ಇನ್ನೂ ತೆಗೆದುಕೊಂಡಿಲ್ಲದಿದ್ದರೆ ಈಗಲೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡಿ. ತಾತ್ಕಾಲಿಕ ಪ್ರಮಾಣಪತ್ರವನ್ನು ನಂಬಿಕೊಂಡು ಹೊರಡಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇರಬೇಕು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ಸಾಮಾನ್ಯ. ಅಲ್ಲಿನ ಗುಮಾಸ್ತರಿಗೆ ಅದು ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಪೊಲೀಸ್ ದೃಢೀಕರಣವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕವೇ ಪಡೆಯಿರಿ.

ವೀಸಾ ವಿಷಯದಲ್ಲಿ ರಾಜಿ ಬೇಡ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯ ಪ್ರವಾಸಿಗರಿಗೆ ವೀಸಾ ಇಲ್ಲದೆ ಬರಲು ಅವಕಾಶ ಕೊಟ್ಟ ಮೇಲೆ, ಪ್ರವಾಸಿಯಾಗಿ ಬಂದುಬಿಡಿ, ಆಮೇಲೆ ನೋಡೋಣ ಎನ್ನುವ ಮಧ್ಯವರ್ತಿಗಳು ಹೆಚ್ಚಾಗಿದ್ದಾರೆ. ಪ್ರವಾಸಿಯಾಗಿ ಬಂದು ಪಾಠ ಮಾಡುವುದು ಅಪರಾಧ. ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗುವವರು ಶಿಕ್ಷಕರೇ ಹೊರತು ಏಜೆಂಟರಲ್ಲ. ಶಾಲೆಯ ಪತ್ರದ ಆಧಾರದ ಮೇಲೆ ಕೆಲಸಕ್ಕೆ ಬರುವವರಿಗೆ ಕೊಡುವ ನಾನ್-ಇಮಿಗ್ರಂಟ್ ಬಿ ವೀಸಾ ಪಡೆದು ಬಂದು, ಇಲ್ಲಿ ಕೆಲಸದ ಅನುಮತಿ ಮಾಡಿಸಿಕೊಂಡ ಮೇಲೆಯೇ ತರಗತಿಗೆ ಕಾಲಿಡಿ.

ಬದುಕಿನ ವಿಷಯ: ಇಲ್ಲಿ ಅಂಗಡಿ, ಮಾರುಕಟ್ಟೆ, ಕಚೇರಿ ಎಲ್ಲ ಕಡೆ ಹೆಂಗಸರೇ ಮುಂದಿರುತ್ತಾರೆ. ಸಂಜೆ ಒಬ್ಬಳೇ ನಡೆದು ಹೋಗುವಾಗ ಊರಿನಲ್ಲಿ ಆಗುತ್ತಿದ್ದ ಅಂಜಿಕೆ ನನಗೆ ಇಲ್ಲಿ ಆಗಿಲ್ಲ. ಅಪಾಯ ಇರುವುದು ರಸ್ತೆಯಲ್ಲಿ. ಬಾಡಿಗೆ ಸ್ಕೂಟರ್ ತೆಗೆದುಕೊಳ್ಳುವ ಮುನ್ನ ಊರಿನಲ್ಲೇ ಗೇರ್ ಬೈಕು-ಸ್ಕೂಟರಿನ ಲೈಸೆನ್ಸ್ ಮಾಡಿಸಿ, ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಆರ್‌ಟಿಒದಿಂದ ಪಡೆದು ಬನ್ನಿ. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮೆ ಕೈಕೊಡುತ್ತದೆ.

ಸಸ್ಯಾಹಾರಕ್ಕೆ ಮೊದಲ ತಿಂಗಳು ಕಷ್ಟ. ಬರೀ ಸೊಪ್ಪು ಹುರಿದು ಕೊಟ್ಟರೂ ಅದಕ್ಕೆ ಮೀನಿನ ಸಾಸ್ ಹಾಕಿಯೇ ಹಾಕಿರುತ್ತಾರೆ, ಅದನ್ನು ಅವರು ಮಾಂಸವೆಂದು ಎಣಿಸುವುದೇ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರದ ಗುರುತಿರುವ ‘ಜೇ’ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಬೆಳ್ಳುಳ್ಳಿ-ಈರುಳ್ಳಿಯೂ ಇರುವುದಿಲ್ಲ. ಮಡಿಯವರಿಗೂ ನಡೆಯುತ್ತದೆ! ಅಕ್ಕಿ, ತೆಂಗಿನಕಾಯಿ, ಹುಣಸೆಹಣ್ಣು, ಬಾಳೆಹೂವು, ಎಳೆ ಹಲಸು ಎಲ್ಲ ಸಂತೆಯಲ್ಲಿ ಸಿಗುತ್ತವೆ. ಸಾರಿನ ಪುಡಿ, ಇಂಗು ತಂದುಕೊಳ್ಳಿ. ತೊಗರಿಬೇಳೆ ಬೇಕಾದಾಗ ಬ್ಯಾಂಕಾಕಿನ ಪಾಹುರತ್ ಪೇಟೆಯಿಂದ ತರಿಸಿಕೊಳ್ಳಬಹುದು.

ತುಂಗಾತೀರ

ಅಕ್ಕ, ಮೇಷ್ಟ್ರೇ, ಮೈಸೂರಿನ ಸರ್, ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹುಬ್ಬಳ್ಳಿಯವರು ಹೇಳಿದ್ದನ್ನೂ ಅಮ್ಮನ ಜೊತೆ ಕುಳಿತು ಮಾತಾಡಿದೆ. ಇಲ್ಲಿಯ ನೇಮಕಾತಿ ಪರೀಕ್ಷೆ ಬಂದಾಗ ಬಂದು ಬರೆಯುತ್ತೇನೆಂದು ಮಾತು ಕೊಟ್ಟ ಮೇಲೆ ಅಮ್ಮ ಒಪ್ಪಿದ್ದಾರೆ. ಚಿಕ್ಕಮ್ಮ ಪಕ್ಕದ ಬೀದಿಯಲ್ಲೇ ಇರುವುದು ದೊಡ್ಡ ಧೈರ್ಯ.

ನನ್ನನ್ನು ಈಗಲೂ ಕಾಡುತ್ತಿರುವುದು ಉಚ್ಚಾರಣೆ. ನನ್ನ ಇಂಗ್ಲಿಷಿನಲ್ಲಿ ಮಲೆನಾಡಿನ ರಾಗ ಸ್ಪಷ್ಟವಾಗಿ ಕೇಳುತ್ತದೆ. ಅಮೆರಿಕದವರ ಹಾಗೆ ಮಾತಾಡದ ನಾನು ಅಲ್ಲಿನ ಮಕ್ಕಳಿಗೆ ನ್ಯಾಯ ಒದಗಿಸಬಲ್ಲೆನೇ? ಈ ಅನುಮಾನ ಸಂಬಳದ್ದಕ್ಕಿಂತ ದೊಡ್ಡದು.

ಕುಂದಾಪುರದ ಮೇಷ್ಟ್ರು

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ತರಗತಿಯಲ್ಲಿ ನಡೆಯುವುದನ್ನೇ ಹೇಳುತ್ತೇನೆ.

ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಕೆಲವೇ ವ್ಯಂಜನಗಳು ಬರುತ್ತವೆ. ಕೊನೆಯ ‘ಲ್’ ಅವರ ಬಾಯಲ್ಲಿ ‘ನ್’ ಆಗುತ್ತದೆ, ‘ಸ್’ ಮತ್ತು ‘ಶ್’ ಎರಡೂ ‘ತ್’ ಆಗುತ್ತವೆ. ಫುಟ್‌ಬಾಲ್ ಹೋಗಿ ಫುಟ್‌ಬಾನ್, ಬಸ್ ಹೋಗಿ ಬತ್. ನಮ್ಮ ಹಳ್ಳಿಯ ಮಕ್ಕಳು ಕೊನೆಗೆ ಸ್ವರ ಸೇರಿಸಿ ‘ಬಸ್ಸು’ ಎನ್ನುತ್ತಾರೆ. ಅಲ್ಲಿನವರು ಕೊನೆಯನ್ನು ನುಂಗುತ್ತಾರೆ. ನನ್ನ ಶಾಲೆಯಲ್ಲಿದ್ದ ಅಮೆರಿಕದ ಶಿಕ್ಷಕ ಒಳ್ಳೆಯ ಮನುಷ್ಯ. ತಪ್ಪು ಕೇಳಿದಾಗ ಸರಿಯಾದ ಪದವನ್ನು ತಾನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದ, ಮಕ್ಕಳು ಮತ್ತೆ ‘ಬತ್’ ಎನ್ನುತ್ತಿದ್ದರು. ಅವನಿಗೆ ಅದು ಹುಟ್ಟಿನಿಂದ ಬಂದ ಶಬ್ದ, ನಾಲಿಗೆ ಎಲ್ಲಿ ನಿಲ್ಲುತ್ತದೆಂದು ಎಂದೂ ಯೋಚಿಸಬೇಕಾಗಿ ಬಂದಿರಲಿಲ್ಲ. ನಾನು ‘ಜ’ ಮತ್ತು ‘ಝೂ’ ಪದದ ಮೊದಲ ಶಬ್ದದ ನಡುವಿನ ವ್ಯತ್ಯಾಸವನ್ನು ಕಾಲೇಜಿಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಂತು ಕಲಿತವನು. ಹಾಗಾಗಿ ಅಂಗೈಯನ್ನು ತುಟಿಯ ಮುಂದೆ ಹಿಡಿಯಿರಿ ಎಂದೆ. ‘ತ್’ ಎಂದಾಗ ಗಾಳಿ ನಿಲ್ಲುತ್ತದೆ, ‘ಸ್’ ಎಂದಾಗ ಅಂಗೈಗೆ ತಣ್ಣಗೆ ತಾಗುತ್ತಲೇ ಇರುತ್ತದೆ. ‘ಬ’ ಹೇಳಿ, ನಿಲ್ಲಿಸಿ, ಆಮೇಲೆ ಗಾಳಿ ಬಿಡಿ. ನಲವತ್ತೈದು ಮಕ್ಕಳ ತರಗತಿಯಲ್ಲಿ ಮೂಲೆಯ ಬೆಂಚಿನ ಹುಡುಗನೊಬ್ಬ ಅಂಗೈ ನೋಡಿಕೊಳ್ಳುತ್ತಾ ಬಸ್ ಎಂದ, ಪಕ್ಕದವನೂ ಅಂದ, ಗಂಟೆ ಹೊಡೆಯುವ ಹೊತ್ತಿಗೆ ತರಗತಿ ಪೂರ್ತಿ ಹಾವಿನ ಹುತ್ತದಂತೆ ಬುಸುಗುಟ್ಟುತ್ತಿತ್ತು.

ವ್ಯಾಕರಣದಲ್ಲೂ ಹೀಗೆಯೇ. ಥಾಯ್‌ನಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ನಾಮಪದಕ್ಕೆ ಬಹುವಚನದ ಪ್ರತ್ಯಯವಿಲ್ಲ, ‘ಎ’, ‘ದ’ಗಳಂಥ ಪದಗಳೂ ಇಲ್ಲ. ಕೊನೆಯದು ಕನ್ನಡದಲ್ಲೂ ಇಲ್ಲ. ಅದನ್ನು ಯಾವಾಗ ಹಾಕಬೇಕು, ಯಾವಾಗ ಬಿಡಬೇಕು ಎಂದು ನೀವು ತಿಣುಕಿದ ದಿನಗಳು ನೆನಪಿರಬೇಕಲ್ಲ? ಆ ನೆನಪೇ ನಿಮ್ಮ ಬಂಡವಾಳ. ಇಂಗ್ಲಿಷ್ ಮಾತಾಡುತ್ತಾ ಬೆಳೆದವರಿಗೆ ಭಾಷೆ ಗೊತ್ತಿರುತ್ತದೆ; ಅದನ್ನು ಕಲಿತು ಏರಿ ಬಂದವರಿಗೆ ಮೆಟ್ಟಿಲುಗಳು ಗೊತ್ತಿರುತ್ತವೆ. ಉಚ್ಚಾರಣೆ ಸ್ಪಷ್ಟವಾಗಿರಬೇಕು, ಶಬ್ದಗಳು ಶುದ್ಧವಾಗಿರಬೇಕು, ಅದಕ್ಕೆ ಅಭ್ಯಾಸ ಮಾಡಿ. ಅಮೆರಿಕದವರ ರಾಗವನ್ನು ಅನುಕರಿಸಬೇಡಿ, ಅದನ್ನು ಮಕ್ಕಳೂ ಗುರುತಿಸುತ್ತಾರೆ.

ಶಿಕ್ಷಕರ ಬಗ್ಗೆ ಅಲ್ಲಿರುವ ಭಾವನೆಯನ್ನೂ ಹೇಳಬೇಕು. ಶಾಲೆಯ ವರ್ಷ ಮೇ ಮಧ್ಯದಲ್ಲಿ ಆರಂಭವಾಗುತ್ತದೆ. ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ ‘ವಾಯ್ ಖ್ರು’ ಎಂಬ ಗುರುವಂದನೆ ನಡೆಯುತ್ತದೆ. ಮಕ್ಕಳು ಬಾಳೆ ಎಲೆಯಲ್ಲಿ ಕಟ್ಟಿದ ಹರಿವಾಣ ಹಿಡಿದು ಮೊಣಕಾಲಲ್ಲಿ ಬಂದು ನಮಸ್ಕರಿಸುತ್ತಾರೆ. ಆ ಹರಿವಾಣದಲ್ಲಿ ಏನಿರುತ್ತದೆ ಗೊತ್ತೇ? ಗರಿಕೆ, ಕೇಪಳದ ಹೂವು, ಬದನೆಯ ಹೂವು, ಭತ್ತದ ಅರಳು. ಎಲ್ಲಿ ಮೆಟ್ಟಿದರೂ ಮತ್ತೆ ಚಿಗುರುವ ಗರಿಕೆಯಂತೆ ಓದು ಬೆಳೆಯಲಿ, ಕೇಪಳದ ಮೊಗ್ಗಿನ ತುದಿಯಂತೆ ಬುದ್ಧಿ ಚೂಪಾಗಲಿ, ಕಾಯಿ ಕಟ್ಟುವ ಮುನ್ನ ತಲೆಬಾಗುವ ಬದನೆ ಹೂವಿನಂತೆ ವಿನಯವಿರಲಿ ಎಂದು ಅರ್ಥ ಹೇಳುತ್ತಾರೆ. ಗಣಪತಿಗೆ ಗರಿಕೆ ಏರಿಸಿ ಬೆಳೆದ ನನಗೆ ಆ ಹರಿವಾಣ ಕೈಗೆ ಬಂದಾಗ ಮಾತೇ ಹೊರಡಲಿಲ್ಲ. ಪಾಸ್‌ಪೋರ್ಟ್ ನೋಡಿ ಸಂಬಳ ಕಟ್ಟುವ ಕಚೇರಿಯೂ ಅದೇ ಶಾಲೆಯಲ್ಲಿದೆ, ಈ ಮಕ್ಕಳೂ ಅದೇ ಶಾಲೆಯಲ್ಲಿದ್ದಾರೆ.

ಹುಬ್ಬಳ್ಳಿಯ ಓದುಗ

ಮೇಷ್ಟ್ರ ಈ ಬರಹ ಓದಿದ ಮೇಲೆ ನನ್ನ ನಿಲುವು ಸ್ವಲ್ಪ ಸಡಿಲವಾಗಿದೆ ಎಂದು ಒಪ್ಪುತ್ತೇನೆ. ಆದರೂ ಒಂದು ಎಚ್ಚರಿಕೆಯನ್ನು ಎಲ್ಲರ ಗಮನಕ್ಕೆ ತರಬೇಕು. ಥಾಯ್ಲೆಂಡಿನ ಕೆಲಸವೆಂದು ಕರೆದು, ಮೇ ಸೋಟ್ ಗಡಿಯ ಮೂಲಕ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸಾಗಿಸಿ, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲದ ಬಗ್ಗೆ 2022ರಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತರಬೇಕಾಯಿತು. ಆ ಜಾಹೀರಾತುಗಳು ಹೆಚ್ಚಾಗಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್ ಕೆಲಸದ ಹೆಸರಿನವು, ಆದರೆ ಇಂಗ್ಲಿಷ್ ಬಲ್ಲವರನ್ನೇ ಹುಡುಕುತ್ತವೆ. ಶಾಲೆಯ ಹೆಸರು, ವಿಳಾಸ, ಪ್ರಾಂಶುಪಾಲರೊಂದಿಗೆ ವೀಡಿಯೊ ಸಂದರ್ಶನ ಇಲ್ಲದ ಯಾವ ಕೆಲಸಕ್ಕೂ ಹೊರಡಬೇಡಿ. ಏಜೆಂಟರ ಮೂಲಕ ಹೋಗುವುದಾದರೆ ಅವರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ನೋಂದಾಯಿತರೇ ಎಂದು ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಬೇಲೂರಿನವಳು

ಹುಬ್ಬಳ್ಳಿಯ ಸರ್ ಬರೆದದ್ದನ್ನು ಪ್ರತಿಯೊಬ್ಬರೂ ಓದಲೇಬೇಕು.

ಪ್ರವಾಸದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಅಕ್ಟೋಬರಿನಲ್ಲಿ ಕೆಲವು ವಾರ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ದೊಡ್ಡ ರಜೆ. ಬ್ಯಾಂಕಾಕಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ನೋಂಗ್ ಖಾಯ್. ಮೆಕಾಂಗ್ ನದಿಗೆ 1994ರಲ್ಲಿ ಕಟ್ಟಿದ ಸ್ನೇಹ ಸೇತುವೆ ದಾಟಿದರೆ ಲಾವೋಸ್‌ನ ವಿಯೆಂಟಿಯಾನ್. ಲಾವೋಸ್, ಕಾಂಬೋಡಿಯಾಗಳಲ್ಲಿ ಭಾರತೀಯರಿಗೆ ಆಗಮನದ ವೀಸಾ ಸಿಗುತ್ತದೆ, ವಿಯೆಟ್ನಾಂಗೆ ಇ-ವೀಸಾ. ಥಾಯ್ಲೆಂಡಿನೊಳಗೇ ಕಾಂಬೋಡಿಯಾದ ಖ್ಮೇರ ಅರಸರ ಕಾಲದ ಶಿವಾಲಯಗಳಿವೆ. ಬುರಿರಾಮ್ ಪ್ರಾಂತದ ಫನೋಮ್ ರುಂಗ್ ಗುಡಿಯ ಬಾಗಿಲ ಮೇಲೆ ಶೇಷಶಾಯಿ ವಿಷ್ಣುವಿನ ಕೆತ್ತನೆಯನ್ನು ನೋಡುತ್ತಾ ನಿಂತಾಗ ಊರಿನ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಗಳನ್ನು ಒಂದೊಂದಾಗಿ ಗುರುತಿಸಿ ಹೇಳುತ್ತಿದ್ದ ಅಜ್ಜಿ ಕಣ್ಣಮುಂದೆ ಬಂದರು. ಏಪ್ರಿಲ್ 13ರಿಂದ 15ರವರೆಗೆ ಸೋಂಗ್‌ಕ್ರಾನ್, ನಮ್ಮ ಕರಾವಳಿಯವರ ಸೌರಮಾನ ಯುಗಾದಿಯ ಹೊತ್ತಿಗೇ ಅವರ ಹೊಸ ವರ್ಷ. ಆ ದಿನಗಳಲ್ಲಿ ಬಸ್ಸು, ರೈಲು ಸಿಗುವುದಿಲ್ಲ, ಮೊದಲೇ ಕಾದಿರಿಸಿ.

ಮರೆಯಬಾರದ ಒಂದು ನಿಯಮವಿದೆ. ವಾಸದ ಅನುಮತಿ ಇದ್ದರೂ ದೇಶದಿಂದ ಹೊರಹೋಗುವ ಮುನ್ನ ಮರುಪ್ರವೇಶದ ಪರವಾನಗಿ ತೆಗೆದುಕೊಳ್ಳಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿಬರುವುದಕ್ಕೆ 3,800. ಅದಿಲ್ಲದೆ ಗಡಿ ದಾಟಿದರೆ ವರ್ಷದ ಅನುಮತಿಯೇ ರದ್ದಾಗುತ್ತದೆ, ಮತ್ತೆ ವೀಸಾದಿಂದ ಶುರುಮಾಡಬೇಕು. ಅಮ್ಮನಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ ಕಚೇರಿ ಸುತ್ತಲು ಸಮಯ ಇರುವುದಿಲ್ಲ. ಆದ್ದರಿಂದ ಅನುಮತಿ ಕೈಗೆ ಬಂದ ವಾರವೇ 3,800ರದ್ದನ್ನು ಮಾಡಿಸಿಟ್ಟುಕೊಳ್ಳಿ. ತೊಂಬತ್ತು ದಿನಕ್ಕೊಮ್ಮೆ ವಿಳಾಸ ವರದಿ ಕೊಡುವುದೂ ಕಡ್ಡಾಯ.

ತುಂಗಾತೀರ

ಒಂದು ಶಾಲೆಯಿಂದ ಪತ್ರ ಬಂದಿದೆ! ಉದೋನ್ ಥಾನಿಯ ಖಾಸಗಿ ಶಾಲೆ, ಪ್ರಾಂಶುಪಾಲರು ವೀಡಿಯೊದಲ್ಲಿ ಸಂದರ್ಶನ ಮಾಡಿದರು, ಒಂದು ಮಾದರಿ ಪಾಠವನ್ನೂ ಮಾಡಿಸಿದರು. ಅಂಗೈ ಹಿಡಿಸುವ ಪಾಠವನ್ನೇ ಮಾಡಿದೆ, ಮೇಷ್ಟ್ರೇ. 22,000 ಬಾತ್, ಹತ್ತು ತಿಂಗಳ ಒಪ್ಪಂದ, ವಾರಕ್ಕೆ 24 ತರಗತಿಗಳು, ವಾಸದ ವ್ಯವಸ್ಥೆ ನಮ್ಮದೇ. ವೀಸಾಕ್ಕೆ ಬೇಕಾದ ಪತ್ರಗಳನ್ನು ಅವರೇ ಕೊಡುತ್ತಾರಂತೆ. ಸಹಿ ಮಾಡುವ ಮುನ್ನ ಏನನ್ನು ಕೇಳಬೇಕು?

ಕುಂದಾಪುರದ ಮೇಷ್ಟ್ರು

ಬಹಳ ಸಂತೋಷ, ತಂಗಿ. ಹತ್ತು ತಿಂಗಳು ಎಂಬುದನ್ನು ಮೊದಲು ಹಿಡಿಯಿರಿ. ಬೇಸಿಗೆ ರಜೆಯ ಸಂಬಳ ಉಳಿಸಲೆಂದೇ ಹಾಗೆ ಬರೆಯುತ್ತಾರೆ, ಮತ್ತು ಒಪ್ಪಂದ ಮುಗಿದರೆ ಅದರ ಆಧಾರದ ಮೇಲೆ ನಿಂತಿರುವ ವಾಸದ ಅನುಮತಿಯೂ ಮುಗಿಯುತ್ತದೆ. ರಜೆಯಲ್ಲಿ ಊರೂರು ನೋಡಬೇಕೆನ್ನುವ ನಿಮಗೆ ಆ ಎರಡು ತಿಂಗಳೇ ಮುಖ್ಯ. ಬಿ.ಎಡ್. ಇದೆ, ಶಿಕ್ಷಕರ ಪರವಾನಗಿಗೆ ಅರ್ಜಿ ಹಾಕುತ್ತೇನೆ, ಎರಡನೆಯ ವರ್ಷಕ್ಕೂ ಇರಲು ಸಿದ್ಧಳಿದ್ದೇನೆ ಎಂದು ತಿಳಿಸಿ ಹನ್ನೆರಡು ತಿಂಗಳ ಒಪ್ಪಂದ ಕೇಳಿ. ಸಂಬಳದಲ್ಲಿ ಒಂದೆರಡು ಸಾವಿರ ಬಿಟ್ಟುಕೊಟ್ಟರೂ ಸರಿ, ಇದನ್ನು ಬಿಡಬೇಡಿ. 22,000ವನ್ನು ಹತ್ತು ತಿಂಗಳು ಕೊಡುವುದಕ್ಕಿಂತ 20,000ವನ್ನು ಹನ್ನೆರಡು ತಿಂಗಳು ಕೊಟ್ಟರೆ ವರ್ಷಕ್ಕೆ ಇಪ್ಪತ್ತು ಸಾವಿರ ಬಾತ್ ಹೆಚ್ಚು ಬರುತ್ತದೆ.

ಕೆಲಸದ ಅನುಮತಿಯ ಶುಲ್ಕ ಯಾರದ್ದು, ಮಧ್ಯದಲ್ಲಿ ಬಿಟ್ಟರೆ ದಂಡವೆಷ್ಟು, 24 ತರಗತಿಗಳ ಹೊರತಾಗಿ ಶನಿವಾರದ ಇಂಗ್ಲಿಷ್ ಶಿಬಿರಗಳಿಗೆ ಬೇರೆ ಹಣ ಇದೆಯೇ, ಇವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಒಪ್ಪಂದ ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದರೆ ಯಾವುದು ಅಂತಿಮ ಎಂದು ಕೇಳಿ. ಥಾಯ್ ಪ್ರತಿಯೇ ಅಂತಿಮ ಎಂದಿದ್ದರೆ ಬೇಲೂರಿನವರ ಶಾಲೆಯಲ್ಲಿರುವ ಥಾಯ್ ಶಿಕ್ಷಕರೊಬ್ಬರಿಗೆ ತೋರಿಸಿ ಓದಿಸಿಕೊಳ್ಳಿ. ಪಾಸ್‌ಪೋರ್ಟ್ ಅಥವಾ ಮೂಲ ಪ್ರಮಾಣಪತ್ರಗಳನ್ನು ಶಾಲೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ, ಪ್ರತಿಗಳನ್ನು ಕೊಟ್ಟು ಮೂಲವನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಬೇಲೂರಿನವಳು

ಒಪ್ಪಂದದ ಥಾಯ್ ಪ್ರತಿಯನ್ನು ನನಗೆ ಖಾಸಗಿ ಸಂದೇಶದಲ್ಲಿ ಕಳಿಸಿ, ನನ್ನ ಸಹೋದ್ಯೋಗಿಯೊಬ್ಬರು ಓದಿ ಹೇಳಲು ಒಪ್ಪಿದ್ದಾರೆ. ಹೊರಡುವ ಮುನ್ನ ಊರಿನ ಬ್ಯಾಂಕಿಗೂ ಹೋಗಿ ಬನ್ನಿ. ಕೆಲಸಕ್ಕಾಗಿ ವಿದೇಶಕ್ಕೆ ಹೋಗುವವರು ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಅಮ್ಮನಿಗೆ ಹಣ ಕಳಿಸಲು ಅವರ ಹೆಸರಿನ ಖಾತೆಯೇ ಇರಲಿ, ಅದರ ಐಎಫ್‌ಎಸ್‌ಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಉದೋನ್ ಥಾನಿಯಿಂದ ನೋಂಗ್ ಖಾಯ್ ಒಂದು ಗಂಟೆಯ ದಾರಿ, ಅಕ್ಟೋಬರ್ ರಜೆಯಲ್ಲಿ ನಾನು ಅಲ್ಲಿಗೆ ಬರುತ್ತೇನೆ. ಬರುವಾಗ ಎರಡು ಪೊಟ್ಟಣ ಸಾರಿನ ಪುಡಿ ಹೆಚ್ಚಿಗೆ ತನ್ನಿ.